ದಂಡ ಹೊಡೆದವರ ಹಾಲು

ಕುರ್ಚಿಯಿಂದ ಏಳುವಾಗ ನೀವು ಯಾರ ಹೆಸರು ಹೇಳುತ್ತೀರಿ? ನಗಬೇಡಿ. ಅರವತ್ತು ದಾಟಿದ ಯಾರನ್ನಾದರೂ ಗಮನಿಸಿ ನೋಡಿ, ಸುಮ್ಮನೆ ಏಳುವವರು ಕಡಿಮೆ. ನಮ್ಮನೆಯವರು "ಶಿವನೇ" ಎನ್ನುತ್ತಾರೆ. ಬಸ್ ಡಿಪೋದಲ್ಲಿ ಕೆಲಸದಲ್ಲಿದ್ದಷ್ಟು ಕಾಲ ಶಿವನ ಸುದ್ದಿಗೇ ಹೋಗದಿದ್ದವರು, ನಿವೃತ್ತಿಯಾದ ಮೇಲೆ ತಾವು ಏಳುವುದಕ್ಕೆ ಮೊದಲು ಅವನನ್ನು ಎಬ್ಬಿಸುತ್ತಾರೆ. ಎದುರುಮನೆಯ ನಸೀಮಾ "ಯಾ ಅಲ್ಲಾ" ಎನ್ನುತ್ತಾಳೆ. ನಾನು "ಅವ್ವಾ" ಎನ್ನುತ್ತೇನಂತೆ. ನನಗೆ ಗೊತ್ತೇ ಇರಲಿಲ್ಲ. ರಜೆಗೆ ಬಂದಿದ್ದ ಮೊಮ್ಮಗಳು ಒಂದು ದಿನ ಎರಡೂ ಮಂಡಿಗೆ ಕೈ ಊರಿ, ಮುಖ ಕಿವುಚಿ, "ಅವ್ವಾ" ಎಂದು ಎದ್ದು ತೋರಿಸಿ, "ಇದು ಅಜ್ಜಿ" ಎಂದಾಗಲೇ ತಿಳಿದದ್ದು. ಮನೆಮಂದಿಯೆಲ್ಲ ನಕ್ಕರು. ಹೈಸ್ಕೂಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಕನ್ನಡ ಪಾಠ ಹೇಳಿದ ಕಾಲುಗಳಿವು ಎಂದು ಆ ಪುಟ್ಟಿಯನ್ನು ಹೇಗೆ ನಂಬಿಸಲಿ? ನಾನೂ ನಕ್ಕೆ.

ನನ್ನ ಅಪ್ಪ ಮಾತ್ರ ಯಾರನ್ನೂ ಕರೆಯುತ್ತಿರಲಿಲ್ಲ. ಅವರು ಪೈಲ್ವಾನ್ ಚಿಕ್ಕೇಗೌಡ. ಹೆಸರಿನಲ್ಲಷ್ಟೇ ಚಿಕ್ಕ. ಚುಂಚನಕಟ್ಟೆಯಿಂದ ಆಚೆಗೆ, ನಾಲೆಯ ಬದಿಯ ನಮ್ಮೂರಿನಲ್ಲಿ ಅಪ್ಪ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು. "ಒಸಿ ಅತ್ಲಾಗೆ ನಿಂತ್ಕಳಿ, ಅಕ್ಕೀಲಿ ಕಲ್ಲು ಕಾಣಾಕಿಲ್ಲ" ಎಂದು ಅವ್ವ ಗದರುತ್ತಿದ್ದಳು. ನೆಲದಿಂದ ಅಪ್ಪ ಏಳುವುದು ನೋಡುವ ಹಾಗಿರುತ್ತಿತ್ತು. ಕೈ ಊರುತ್ತಿರಲಿಲ್ಲ, ಉಸಿರು ಬಿಗಿಯುತ್ತಿರಲಿಲ್ಲ, ಸುಮ್ಮನೆ ಹೊಗೆ ಏಳುವ ಹಾಗೆ ಎದ್ದುಬಿಡುತ್ತಿದ್ದರು.

ಅವ್ವ ತೀರಿಕೊಂಡ ಕೆಲವು ವರ್ಷಗಳ ಮೇಲೆ ಅಪ್ಪ ಕಣ್ಣಿನ ಪೊರೆ ತೆಗೆಸಲು ಹುಣಸೂರಿಗೆ, ನಮ್ಮ ಮನೆಗೆ ಬಂದರು. ಒಂದು ಕಣ್ಣಾಯಿತು, ಇನ್ನೊಂದು ಕಣ್ಣಾಯಿತು. ಅಷ್ಟರಲ್ಲಿ ಮನೆಯ ನಾಯಿ, ಬೀದಿಯ ತರಕಾರಿ ಗಾಡಿಯವನು, ನಮ್ಮನೆಯವರ ಸಕ್ಕರೆಯಿಲ್ಲದ ಟೀ ಎಲ್ಲವೂ ರೂಢಿಯಾಗಿ ಇಲ್ಲೇ ಉಳಿದರು. ಊರಲ್ಲಿ ಗದ್ದೆಯನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ವಾರಕ್ಕೊಮ್ಮೆ ಅಕ್ಕಿಯೋ ಸೊಪ್ಪೋ ಹಿಡಿದು ಬಂದು, ಅಪ್ಪನ ಜೊತೆ ಮಳೆಯ ಮಾತಾಡಿ ಹೋಗುತ್ತಾನೆ. ಎಲ್ಲ ಚೆನ್ನಾಗಿತ್ತು. ಟೇಬಲ್ಲಿನ ಮೇಲೆ ಮಾತ್ರ ಅಪ್ಪ ಉಣ್ಣುತ್ತಿರಲಿಲ್ಲ. "ಮುದ್ದೇನ ಅಟ್ಟದ್ ಮ್ಯಾಲೆ ಇಕ್ಕಂಡು ಉಣ್ಣಾದಾ?" ಎಂದು ನೆಲಕ್ಕೇ ಕೂರುತ್ತಿದ್ದರು.

ಒಂದು ಮಧ್ಯಾಹ್ನ ಮುದ್ದೆ, ಬಸ್ಸಾರು ಮಾಡಿದ್ದೆ. ಮುದ್ದೆ ಮುಗಿಸಿ, "ಒಸಿ ಅನ್ನ ಹಾಕವ್ವ" ಅಂದರು. ಹಾಕಿದೆ. ಅದೂ ಮುಗಿಯಿತು. "ಸಾರು ಚಂದಾಗದೆ ಕಣವ್ವ, ಇನ್ನೊಸಿ ಹಾಕು." ನನ್ನ ಅಡುಗೆಯನ್ನು ಅಪ್ಪ ಹೊಗಳಿದ್ದು ಅದೇ ಮೊದಲು. ಉಬ್ಬಿಹೋದೆ. ಉಪ್ಪಿನಕಾಯಿ ತಂದೆ, ಹಪ್ಪಳ ಕರಿದೆ, ಮತ್ತೆ ಅನ್ನ ಬಡಿಸಿದೆ. ಅಪ್ಪ ನಿಧಾನವಾಗಿ, ಕಷ್ಟಪಟ್ಟು ಎಲ್ಲವನ್ನೂ ಉಂಡರು. ಕೊನೆಗೆ, "ನೀ ಓಗು, ನಿನ್ ಕೆಲ್ಸ ನೋಡ್ಕೋ" ಅಂದರು. ನಾನು ಹೋಗಿ ಪಾತ್ರೆ ತೊಳೆದು, ಬಟ್ಟೆ ಮಡಚಿ ಬಂದರೆ ಅಪ್ಪ ಅಲ್ಲೇ ಕೂತಿದ್ದಾರೆ. ಬಲಗೈಯ ಸಾರು ಒಣಗಿ ಚಕ್ಕೆಯಾಗಿದೆ. ಎಡಗೈ ನೆಲಕ್ಕೆ ಊರಿ ನಡುಗುತ್ತಿದೆ.

"ಎದ್ದೇಳಾಕೆ ಆಯ್ತಾ ಇಲ್ಲ ಕಣವ್ವ" ಅಂದರು, ಗೋಡೆ ನೋಡಿಕೊಂಡು.

ಸಾರು ಚೆನ್ನಾಗಿದೆ ಎಂದದ್ದರ ಅರ್ಥ ಆಗ ಹೊಳೆಯಿತು. ನಮ್ಮನೆಯವರೂ ನಾನೂ ಎರಡು ಕಂಕುಳಿಗೆ ಕೈ ಕೊಟ್ಟು ಎತ್ತಿದೆವು. ಭಾರ ಇರುತ್ತದೆಂದು ಬಲ ಹಾಕಿ ಎತ್ತಿದವಳು ಮುಗ್ಗರಿಸಿದೆ. ಅಂಗಿಯೊಳಗೆ ಬರೀ ಎಲುಬು ಸಿಕ್ಕಿತು. ಬಾಗಿಲನ್ನೇ ಮುಚ್ಚುತ್ತಿದ್ದ ಆ ಮೈ ಎಲ್ಲಿ ಹೋಯಿತು, ಯಾವಾಗ ಹೋಯಿತು, ದಿನಾ ನೋಡುತ್ತಿದ್ದ ನನಗೆ ಹೇಗೆ ಕಾಣಲಿಲ್ಲ ಎಂದು ಅವತ್ತು ಸಂಜೆಯೆಲ್ಲ ಯೋಚಿಸಿದೆ.

ಆ ಮೈ ಹಾಲಿನಲ್ಲಿ ಕಟ್ಟಿದ ಮೈ. ಹಾಲು ಎಂದು ನಾನು ಬರೆಯುತ್ತಿದ್ದೇನೆ, ನಮ್ಮೂರಲ್ಲಿ ಅದು "ಆಲು". ಶಾಲೆಯಲ್ಲಿ ಮಕ್ಕಳಿಗೆ ಹಕಾರ ತಿದ್ದಿ ತಿದ್ದಿ ನನ್ನ ಗಂಟಲು ಒಣಗುತ್ತಿತ್ತು. ಮನೆಯಲ್ಲಿ ಅಪ್ಪ ಆಲು ಎಂದರೆ ಆಲೇ. ಹಕಾರ ಇಲ್ಲದಿದ್ದರೂ ಬೆಳ್ಳಗೇ ಇತ್ತು ಬಿಡಿ. ಹಿತ್ತಿಲಲ್ಲಿ ಎರಡು ಎಮ್ಮೆ. ಅಪ್ಪ ಮುಂಜಾನೆ ಗರಡಿಯಲ್ಲಿ ದಂಡ, ಬಸ್ಕಿ ಹೊಡೆದು, ಮಣ್ಣು ಮೆತ್ತಿಕೊಂಡು ಬರುವ ಹೊತ್ತಿಗೆ ಒಲೆಯ ಮೇಲೆ ಹಾಲು ಕೆನೆಗಟ್ಟಿರಬೇಕು. ಅವರಾದ ಮೇಲೆ ತಮ್ಮನಿಗೆ. ಉಳಿದದ್ದಕ್ಕೆ ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು, ತುಪ್ಪ ಕಾಯಿಸಿದರೆ ಅದೂ ಪೈಲ್ವಾನರಿಗೆ. ಅವ್ವನಿಗೂ ನನಗೂ ಮಜ್ಜಿಗೆ. ಗರಡಿಯ ಮಣ್ಣನ್ನು ಹದ ಮಾಡುವುದಕ್ಕೂ ನಮ್ಮ ಮನೆಯಿಂದಲೇ ಮಜ್ಜಿಗೆ ಹೋಗುತ್ತಿತ್ತು. ಹಾಗಾಗಿ ನಾನೂ ಗರಡಿಯ ಮಣ್ಣೂ ಒಂದೇ ಆಹಾರದಲ್ಲಿ ಬೆಳೆದೆವು ಎನ್ನಬಹುದು.

"ಹೆಣ್ಣೈಕ್ಳು ಆಲು ಕುಡುದ್ರೆ ಬ್ಯಾಗ ಬೆಳ್ಕಂಬುಡ್ತವೆ" ಎಂದು ಅವ್ವ ಹೇಳುತ್ತಿದ್ದಳು. ಬೇಗ ಬೆಳೆದರೆ ಬೇಗ ಮದುವೆ ಮಾಡಬೇಕು ಎನ್ನುವುದು ಅವಳ ಲೆಕ್ಕ. ಆದರೂ ಹಾಲಿನ ಪಾತ್ರೆ ತೊಳೆಯುವ ಮುಂಚೆ ಚಮಚದಿಂದ ಅದರ ತಳ ಕೆರೆದು, ಕಂದುಬಣ್ಣಕ್ಕೆ ತಿರುಗಿದ ಆ ಕೆನೆಯನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. ತಾನು ಚಮಚ ನೆಕ್ಕುತ್ತಿದ್ದಳು. ಅಷ್ಟೇ ಅವಳ ಪಾಲು. ಕೊನೆಗಾಲಕ್ಕೆ ಅವ್ವನ ಬೆನ್ನು ಎಷ್ಟು ಬಾಗಿತ್ತೆಂದರೆ, ಅಂಗಳದಲ್ಲಿ ಏನೋ ಕಳೆದುಕೊಂಡು ಹುಡುಕುತ್ತಿದ್ದಾಳೆ ಎಂದೇ ಹೊಸಬರು ತಿಳಿಯುತ್ತಿದ್ದರು. "ಏನವ್ವ ಬಿದ್ದೋಯ್ತು?" ಎಂದು ಕೇಳಿದವರಿಗೆ "ವಯಸ್ಸು" ಎನ್ನುತ್ತಿದ್ದಳು.

ಅಪ್ಪ ಕುಸ್ತಿ ಬಿಟ್ಟ ದಿನ ಹಾಲನ್ನೂ ಬಿಟ್ಟರು. ನಾನು ಆಗ ಟೀಚರ್ ಟ್ರೈನಿಂಗಿನಲ್ಲಿದ್ದೆ. ಅವ್ವ ಎಂದಿನಂತೆ ಹಾಲು ತಂದಿಟ್ಟರೆ ಅಪ್ಪ ಅದನ್ನು ಪಕ್ಕಕ್ಕೆ ಸರಿಸಿದರಂತೆ. "ದಂಡ ಒಡೀದ ಮೈಗೆ ಆಲು ದಂಡ ಕಣಮ್ಮಿ" ಎಂದರಂತೆ. ಗರಡಿಯಲ್ಲಿ ಬೆವರು ಸುರಿಸಿದವನಿಗೆ ಹಾಲಿನ ಹಕ್ಕು, ಸುಮ್ಮನೆ ಕೂತವನಿಗಿಲ್ಲ ಎಂದು ಅವರ ನಂಬಿಕೆ. ಅಂದಿನಿಂದ ಬೆಲ್ಲದ ಕರಿ ಕಾಫಿಯೇ ಗತಿ. ಎಮ್ಮೆಗಳ ಹಾಲೆಲ್ಲ ಡೈರಿಯ ಕ್ಯಾನಿಗೆ ಹೋಯಿತು. ಗದ್ದೆಯ ಕೆಲಸ ಇರುವವರೆಗೆ ಮೈ ಹೇಗೋ ನಿಂತಿತ್ತು. ಆಮೇಲೆ ಯಾರಿಗೂ ಕಾಣದ ಹಾಗೆ ಕರಗುತ್ತಾ ಬಂತು.

ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದೊಯ್ದೆ. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ತನ್ನ ಎರಡು ಬೆರಳನ್ನು ಅಪ್ಪನ ಅಂಗೈಯಲ್ಲಿಟ್ಟು, "ಗಟ್ಟಿಯಾಗಿ ಹಿಸುಕಿ ತಾತ" ಎಂದಳು. ಅಪ್ಪ ಹಿಡಿದರು.

"ಇನ್ನೂ ಜೋರಾಗಿ. ನನಗೇನೂ ನೋವಾಗಲ್ಲ."

ನಾನು ಬಾಯಿ ಹಾಕಿದೆ. "ಅಪ್ಪ ಪೈಲ್ವಾನ್ರು ಡಾಕ್ಟ್ರೇ, ನಿಮ್ಮ ಬೆರಳು ಮುರಿದೀತು ಅಂತ ಹುಷಾರಾಗಿ ಹಿಡ್ದಿದ್ದಾರೆ."

ಅಪ್ಪ ತಲೆ ತಗ್ಗಿಸಿದರು. "ಇಲ್ಲ ಕಣವ್ವ. ನನ್ ಬಲ ಇಷ್ಟೇಯ" ಅಂದರು.

ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದಳು. ಆಗಲಿಲ್ಲ. ಆಮೇಲೆ ನಿಧಾನವಾಗಿ ವಿವರಿಸಿದಳು. ವಯಸ್ಸಾದ ಹಾಗೆ ಮಾಂಸಖಂಡ ಸೊರಗುತ್ತದೆ, ಅದರ ಜೊತೆ ಊಟ ಕಡಿಮೆಯಾಗಿ ಓಡಾಟವೂ ನಿಂತರೆ ಇನ್ನೂ ಬೇಗ ಸೊರಗುತ್ತದೆ, ಬೀಳುವ ಭಯ ಹೆಚ್ಚುತ್ತದೆ. "ಹಾಲು, ಮೊಸರು ಕೊಡಿ. ಬೇಳೆ, ಮೊಟ್ಟೆನೂ ಕೊಡಿ. ಆದರೆ ಹಾಲು ಕುಡಿದು ಮಲಗಿದರೆ ಏನೂ ಉಪಯೋಗ ಇಲ್ಲ. ಕುರ್ಚಿಯಲ್ಲಿ ಕೂತು ಏಳೋದು, ಕೂತು ಏಳೋದು, ದಿನಾ ಮಾಡಿಸಿ." ಹೊರಡುವಾಗ ನಾನು "ಅವ್ವಾ" ಎಂದು ಎದ್ದೆನೇನೋ, ನನ್ನ ಕಡೆ ತಿರುಗಿ, "ಟೀಚರ್, ನೀವು ಹಾಲು ಕುಡೀತೀರಾ?" ಎಂದಳು. "ಕಾಫಿಗೆ ಹಾಕ್ಕೋತೀನಲ್ಲ" ಎಂದೆ. ಅವಳ ಮುಖ ನೋಡಿದರೆ ನನಗೆ ಸೊನ್ನೆ ಅಂಕ ಬಂದಿತ್ತು.

ಅಪ್ಪನಿಗೆ ಹಾಲು ಕುಡಿಸಲು ನಾನು ಹೂಡಿದ ಉಪಾಯಗಳನ್ನು ಹೇಳಿದರೆ ನೀವು ನಗುತ್ತೀರಿ. ರಾಗಿ ಗಂಜಿಯಲ್ಲಿ ಬೆರೆಸಿದೆ. ಸಾರಿಗೆ ಮೊಸರು ಕಲಸಿ ಅದಕ್ಕೊಂದು ಹೊಸ ಹೆಸರಿಟ್ಟೆ. ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಇಲ್ಲದೆ ಪಾಯಸ ಮಾಡಿದೆ. ಅಪ್ಪ ಮೂಗಿನ ಹತ್ತಿರ ತಂದು, ಕೆಳಗಿಡುತ್ತಿದ್ದರು. ಒಂದು ದಿನ ಸಿಟ್ಟು ಬಂತು. "ಕದ್ದು ಕುಡ್ಸಾಕೆ ನಾನೇನು ಎಳೇ ಕೂಸಾ? ಯಾವ್ ದುಡಿಮೆ ಮಾಡಿವ್ನಿ ಅಂತ ಕುಡೀಲಿ?" ಅಂದರು. ಕುರ್ಚಿಯ ಏಳು-ಕೂರು ಮಾಡಿಸಲು ಹೋದರೆ, "ಮಗ್ಗಿ ಬರ್ನಿಲ್ಲ ಅಂತ ಐಕ್ಳಿಗೆ ಕೊಡೋ ಶಿಕ್ಸೆ ಇದು" ಎಂದು ಮುಖ ತಿರುಗಿಸಿದರು. ಟೀಚರಾಗಿ ಆ ಮಾತು ನನಗೆ ಸ್ವಲ್ಪ ಚುಚ್ಚಿತು.

ನೆಲದ ಊಟ ನಿಂತಿತು. ಆಮೇಲೆ ಜಗುಲಿಗೆ ಬರುವುದು ನಿಂತಿತು. ಮಂಚವೇ ಊರಾಯಿತು. ತಮ್ಮ ಬಂದು ಹೋದ ಒಂದು ದಿನ ಅಪ್ಪ ನನ್ನನ್ನು ಕರೆದು, "ನಾಲೆ ಬದೀಲಿ ನಿಮ್ಮವ್ವನ ಪಕ್ಕ ಒಸಿ ಜಾಗ ಅದೆಯಲ್ಲ, ಅಲ್ಲಿ ನಿನ್ ತಮ್ಮ ತೆಂಗಿನ ಸಸಿ ನೆಟ್ಬುಟ್ಟಾನು. ಬ್ಯಾಡ ಅನ್ನು" ಎಂದರು. ಯಾವುದೋ ಬೆಳೆಯ ಮಾತೆಂಬಂತೆ ಸಮಾಧಾನವಾಗಿ ಹೇಳಿದರು. ನನಗೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಲ್ಲಬೇಕಾಯಿತು, ಅಳುವ ಸದ್ದು ಕೇಳದಿರಲಿ ಎಂದು.

ಕಣ್ಣೊರೆಸಿಕೊಂಡು ಬಂದು, "ಯಾರನ್ನಾದ್ರೂ ನೋಡ್ಬೇಕು ಅನ್ಸುತ್ತಾ ಅಪ್ಪ?" ಎಂದು ಕೇಳಿದೆ.

"ಯಾರ್ನೂ ಬ್ಯಾಡ" ಅಂದರು. ಆಮೇಲೆ ಮಗ್ಗುಲಾಗಿ, "ಇದೇ ಊರಲ್ಲಿ ದಸ್ತಗೀರ ಅಂತ ಒಬ್ಬ ಇದ್ದ. ಅತ್ತಿ ಬಡಿಯೋನು. ಒಳ್ಳೆ ಕುಸ್ತಿ. ಅವ್ನು ಅವ್ನೋ ಇಲ್ವೋ" ಅಂದರು.

ಹತ್ತಿ ಬಡಿಯುವ ದಸ್ತಗೀರ್ ಸಾಬರು! ನನ್ನ ಮದುವೆಯ ಹಾಸಿಗೆ ಹೊಲಿದವರೇ ಅವರು. ಪೇಟೆಯಲ್ಲಿ ಅವರ ಅಂಗಡಿಯ ಮುಂದೆಯೇ ಇಷ್ಟು ವರ್ಷ ಶಾಲೆಗೆ ನಡೆದಿದ್ದೆ. ಅವರು ಪೈಲ್ವಾನರಾಗಿದ್ದವರು ಎಂದು ಆ ಹತ್ತಿಯ ಧೂಳಿನಲ್ಲಿ ಯಾರಿಗೆ ಹೊಳೆಯಬೇಕು?

ಸಂಜೆಯೇ ಹೋದೆ. ಅಂಗಡಿಯನ್ನು ಈಗ ಮಕ್ಕಳು ನೋಡಿಕೊಳ್ಳುತ್ತಾರೆ. ಮುಂದೆಲ್ಲ ಫೋಮಿನ ಹಾಸಿಗೆಗಳು. ಸಾಬರು ಹಿಂದೆ ಒಂದು ಕುರ್ಚಿಯಲ್ಲಿ, ಕೋಲನ್ನು ಪಕ್ಕಕ್ಕೊರಗಿಸಿ, ಒಂದು ಪುಟ್ಟ ದಿಂಬಿಗೆ ಹೊಲಿಗೆ ಹಾಕುತ್ತಿದ್ದರು. ಅಪ್ಪನ ಹೆಸರು ಹೇಳಿದೆ. ಸೂಜಿ ನಿಂತಿತು.

"ಯಾರು, ಚುಂಚನಕಟ್ಟೆ ಕಡೆ ಚಿಕ್ಕೇಗೌಡ್ರಾ? ನನ್ನ ಬೆನ್ನು ಮಣ್ಣಿಗೆ ತಾಕ್ಸಿದೋರು ಕಣಮ್ಮ ಅವ್ರು. ಇದೇ ಊರಲ್ಲಿ, ನಮ್ಮ ಜನದ ಎದುರ್ಗೇ."

ನನಗೆ ಗೊಂದಲವಾಯಿತು. "ಅಪ್ಪ ಮನೇಲಿ ಹಾಗೆ ಹೇಳ್ತಿರಲಿಲ್ಲ. ಹುಣಸೂರಿನ ದಸ್ತಗೀರನ ಜೊತೆ ಸಮ ಆಯ್ತು ಅಂತಿದ್ರು."

ಸಾಬರು ನನ್ನನ್ನೇ ನೋಡಿದರು. "ಅಂಗಂದ್ರಾ?" ಎಂದು ಕೇಳಿ, ದಿಂಬನ್ನು ಕೆಳಗಿಟ್ಟರು. "ಎಲ್ಲವ್ರೆ ಈಗ?"

ನಾನು ಎಲ್ಲ ಹೇಳಿದೆ. ಊಟದ ನೆಲ, ಡಾಕ್ಟರ ಬೆರಳು, ಹಾಲಿನ ಹಟ, ನಾಲೆ ಬದಿಯ ಜಾಗ. ಸಾಬರು ಕೇಳಿಸಿಕೊಂಡು, ಮನೆಯ ಗುರುತು ಕೇಳಿದರು.

ಮರುದಿನ ನಮ್ಮ ಗೇಟಿನ ಮುಂದೆ ಆಟೋ ನಿಂತಿತು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಜುಬ್ಬ, ಕೋಲು. ಮಂಚದ ಮೇಲಿದ್ದ ಅಪ್ಪ ಅವರನ್ನು ಕಂಡು ಗುರುತು ಹಿಡಿದು, ಮನೆಗೆ ಬಂದವರ ಮುಂದೆ ಮಲಗಿರಬಾರದೆಂದು ಏಳಲು ನೋಡಿದರು. ಅರ್ಧ ಎದ್ದು ಮತ್ತೆ ದಿಂಬಿಗೆ ಬಿದ್ದರು. "ಏಳಾಕಾಗ್ನಿಲ್ಲ ಸಾಬ್ರೆ. ತಪ್ಪು ತಿಳ್ಕೋಬ್ಯಾಡಿ" ಎಂದರು. ಆ ಧ್ವನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಸಾಬರು ಮಂಚದ ಅಂಚಿಗೇ ಕೂತರು. "ಅರೆ, ನಾನೂ ಕೂತ್ರೆ ಏಳಲ್ಲ ಗೌಡ್ರೆ. ಈಗ್ಲೇ ಹೇಳ್ಬುಡ್ತೀನಿ, ನಿಮ್ಮ ಮಗಳು ಇಬ್ರನ್ನೂ ಎಬ್ಬಿಸ್ಬೇಕಾಯ್ತದೆ." ಕುಸ್ತಿಗೆ ಮುಂಚೆ ಮುಟ್ಟುವ ಹಾಗೆ ಅಪ್ಪನ ಕೈ ಮುಟ್ಟಿದರು. ಆಮೇಲೆ ಬಿಡಲಿಲ್ಲ, ಹಿಡಿದೇ ಇದ್ದರು. ಬಹಳ ಹೊತ್ತು ಇಬ್ಬರೂ ಸತ್ತುಹೋದ ಪೈಲ್ವಾನರ ಹೆಸರುಗಳನ್ನು ಹೇಳಿಕೊಂಡರು.

ಕಾಫಿ ಆದ ಮೇಲೆ ಸಾಬರು ಮಾತು ತೆಗೆದರು. "ನಂಗೆ ಒಂದು ಉಪಕಾರ ಆಗ್ಬೇಕು ಗೌಡ್ರೆ. ಡಾಕ್ಟ್ರು ನಂಗೂ ಕೂತು ಏಳು, ಕೂತು ಏಳು ಅಂದವ್ರೆ. ಮನೇಲಿ ಮಾಡಿದ್ರೆ ಸೊಸೆದೀರು ಬಾಯಿಗೆ ಸೆರಗು ಇಟ್ಕೋತಾರೆ. ಒಬ್ನೇ ಮಾಡೋಕೆ ನಾಚ್ಕೆ ಆಯ್ತದೆ. ನೀವು ನಂಗೆ ಜೋಡಿ ಆಗ್ಬೇಕು."

ಅಪ್ಪ ಚಾವಣಿ ನೋಡುತ್ತಾ ಮಲಗಿದ್ದರು. ಬೇಡ ಎನ್ನುತ್ತಾರೆ ಎಂದುಕೊಂಡೆ. "ಉಸ್ತಾದ್ ಇಲ್ದೆ ಸಾಧ್ನೆ ಮಾಡಾದಾ?" ಎಂದರು.

"ಟೀಚರಮ್ಮ ಇಲ್ಲೇ ಅವ್ರಲ್ಲ" ಅಂದರು ಸಾಬರು.

ಇಬ್ಬರೂ ನನ್ನ ಕಡೆ ನೋಡಿದರು. ನಮ್ಮೂರ ಗರಡಿಯ ಹೊಸ್ತಿಲನ್ನು ನಾನು ದಾಟಿದವಳಲ್ಲ, ಹೆಣ್ಣುಮಕ್ಕಳು ದಾಟುವ ಹಾಗಿರಲಿಲ್ಲ. ಅಪ್ಪ ಮರೆತ ಪಂಚೆಯನ್ನು ಬಾಗಿಲವರೆಗೆ ಒಯ್ದು, ಒಳಗಿನ ಮಣ್ಣಿನ ವಾಸನೆ ಕುಡಿದು ಓಡಿಬರುತ್ತಿದ್ದೆ, ಅಷ್ಟೆ. ಈಗ ನಮ್ಮ ನಡುಮನೆಯಲ್ಲಿ, ಟಿವಿಯ ಮುಂದೆ, ಎರಡು ಊಟದ ಕುರ್ಚಿಗಳನ್ನು ಎದುರುಬದುರು ಹಾಕಿ ನಾನು ಉಸ್ತಾದಳಾದೆ. ಶಾಲೆಯ ಡ್ರಿಲ್ಲಿನ ದನಿ ತೆಗೆದು "ಏಳಿ" ಎಂದೆ. ಇಬ್ಬರೂ ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು, ಹಲ್ಲು ಕಚ್ಚಿ, ನಡುಗುತ್ತಾ ಎದ್ದು ನಿಂತರು. ಯಾರು ಯಾರನ್ನು ಎಬ್ಬಿಸಿದರೋ ಹೇಳಲಾರೆ. ನಮ್ಮನೆಯವರು ಅಪ್ಪನ ಬೆನ್ನ ಹಿಂದೆ ಕೈ ಚಾಚಿ, ಉಸಿರು ಹಿಡಿದು ನಿಂತಿದ್ದರು. ಸ್ವಲ್ಪವೇ ಮಾಡಿಸಿದೆ. ಅಷ್ಟಕ್ಕೇ ಅಪ್ಪನ ಹಣೆಯ ಮೇಲೆ ಬೆವರು ಮೂಡಿತು. ಅದನ್ನು ಬೆರಳಿನಿಂದ ಒರೆಸಿ, ನಂಬಿಕೆಯಾಗದವರಂತೆ ಬೆರಳನ್ನೇ ನೋಡಿಕೊಂಡರು.

ನಾನು ಒಳಗೆ ಹೋಗಿ ಹಾಲು ಕಾಯಿಸಿ ತಂದೆ. ಈ ಸಲ ಯಾವುದರಲ್ಲೂ ಬೆರೆಸಲಿಲ್ಲ, ಬಚ್ಚಿಡಲಿಲ್ಲ. ಲೋಟ ಚಾಚಿದೆ. ಅಪ್ಪ ಕೈ ಅಡ್ಡ ಹಿಡಿದರು.

"ಮೊದ್ಲು ಲೋಟ ಉಸ್ತಾದ್‌ಗೆ" ಅಂದರು. "ಉಸ್ತಾದ್ ಕುಡೀದೆ ಗರಡೀಲಿ ಯಾರೂ ಮುಟ್ಟಂಗಿಲ್ಲ. ಕುಡಿ."

ಅಪ್ಪನ ಎದುರಿಗೆ ನಿಂತು ಒಂದು ಲೋಟ ಹಾಲನ್ನು ಪೂರ್ತಿ ಕುಡಿದೆ. ಅರವತ್ತು ದಾಟಿದ ಹೆಂಗಸು, ಬೇಕಾದಷ್ಟು ಹಾಲು ಕೊಂಡು ಕಾಯಿಸಿ ಎಷ್ಟೋ ಜನಕ್ಕೆ ಕೊಟ್ಟವಳು, ಒಂದು ಲೋಟ ಹಾಲಿಗೆ ಹೀಗಾಡಬಾರದು. ಲೋಟದ ತಳದ ಕೆನೆಯನ್ನು ಬೆರಳಿನಿಂದ ಬಳಿದು ನೆಕ್ಕಿದೆ. ಅಪ್ಪ ನಾನು ಮುಗಿಸುವವರೆಗೆ ನೋಡುತ್ತಿದ್ದು, ಮೆಲ್ಲಗೆ, "ನಿಮ್ಮವ್ವಂಗೆ ಒಂದಿನಾನೂ ಕೇಳ್ನಿಲ್ಲ ಕಣವ್ವ ನಾನು, ನೀ ಕುಡುದ್ಯಾ ಅಂತ" ಎಂದರು. ಆಮೇಲೆ ತಮ್ಮ ಲೋಟ ತೆಗೆದುಕೊಂಡರು.

ದಿನಾ ಸಂಜೆ ಆಟೋ ಬರತೊಡಗಿತು. ಪವಾಡ ನಡೆಯಿತೆಂದು ತಿಳಿಯಬೇಡಿ. ಅಪ್ಪ ಮತ್ತೆ ಬಾಗಿಲು ಮುಚ್ಚುವಷ್ಟು ದಪ್ಪವಾಗಲಿಲ್ಲ. ಕೆಲವು ಸಂಜೆ ಇಬ್ಬರೂ ಸಾಧನೆಗಿಂತ ಹೆಚ್ಚು ಜಗಳವಾಡಿದರು, ಸಮವೋ ಸೋಲೋ ಎಂದು. "ಸೋತೆ ಅಂತ ನಾನೇ ಹೇಳ್ತಿವ್ನಿ, ನೀವ್ಯಾಕೆ ಒಪ್ಪಲ್ಲ?" ಎಂದು ಸಾಬರು ರೇಗುತ್ತಿದ್ದರು. ಆದರೆ ತಿಂಗಳುಗಳು ಕಳೆದ ಹಾಗೆ ಅಪ್ಪ ಮಂಚದಿಂದ ತಾವೇ ಇಳಿದರು, ಜಗುಲಿಗೆ ಬಂದರು, ಗೇಟಿನವರೆಗೆ ಹೋದರು. ಡಾಕ್ಟರ ಬೆರಳನ್ನು ಇನ್ನೊಮ್ಮೆ ಹಿಸುಕಿದಾಗ ಅವಳು "ಅಬ್ಬಾ" ಎಂದಳು, ಸ್ವಲ್ಪ ದೊಡ್ಡದಾಗಿಯೇ ಎಂದಳು. ಹಾಲಿನಿಂದಲೋ, ಏಳು-ಕೂರಿನಿಂದಲೋ, ಜೋಡಿ ಸಿಕ್ಕಿದ್ದರಿಂದಲೋ ಎಂದು ಕೇಳಿದೆ. "ಯಾವುದನ್ನೂ ನಿಲ್ಲಿಸಬೇಡಿ ಟೀಚರ್" ಎಂದಳು.

ಚಳಿ ಶುರುವಾದ ಹೊತ್ತಿಗೆ ಒಂದು ಸಂಜೆ ಆಟೋ ಬರಲಿಲ್ಲ. ಮರುದಿನವೂ ಬರಲಿಲ್ಲ. ಫೋನ್ ಮಾಡಿದರೆ ಸಾಬರ ಸೊಸೆ ಎತ್ತಿದಳು. ಜ್ವರ ಬಂದು ಇಳಿದಿದೆ, ಆದರೆ ಮಾವ ಏನೂ ತಿನ್ನುತ್ತಿಲ್ಲ, ಮಲಗಿಯೇ ಇದ್ದಾರೆ ಎಂದಳು. ಅಪ್ಪನಿಗೆ ಹೇಳಿದೆ. ಅಪ್ಪ ಕೈ ಊರದೆ ಎದ್ದು, "ಚಪ್ಲಿ ಎಲ್ಲವ್ವ?" ಎಂದರು.

ಆಟೋ ಕರೆಯುತ್ತೇನೆಂದೆ. "ಬ್ಯಾಡ ಬುಡು, ನಡ್ದೇ ಓಗನ" ಎಂದರು. ಮಂಚ ಹಿಡಿದ ಮೇಲೆ ಅಪ್ಪ ಪೇಟೆಯವರೆಗೆ ನಡೆದೇ ಇರಲಿಲ್ಲ. ನನ್ನ ಮಂಡಿಗಳೂ ಬೇಡ ಎನ್ನುತ್ತಿದ್ದವು. ನನ್ನ ಭುಜ ಹಿಡಿದು ಹೊರಟರು. ಟೀ ಅಂಗಡಿಯ ಬೆಂಚಿನಲ್ಲಿ ಕೂತೆವು, ದರ್ಜಿಯ ಮೆಟ್ಟಿಲಲ್ಲಿ ಕೂತೆವು. ಮಡಿಕೇರಿಯ ಬಸ್ಸು ಧೂಳೆಬ್ಬಿಸಿ ಹೋಗುವವರೆಗೆ ರಸ್ತೆಯ ಪಕ್ಕ ನಿಂತೆವು. ಅಂಗಡಿ ಮುಟ್ಟುವಾಗ ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಬರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಪ್ಪನ ದನಿ ಕೇಳಿ ತಿರುಗಿ, ಏಳಲು ನೋಡಿದರು. ಅಪ್ಪ ಅವರ ಎದೆಯ ಮೇಲೆ ಅಂಗೈ ಇಟ್ಟು, "ಮನಿಕ್ಕಳಿ" ಎಂದು ಮಂಚದ ಅಂಚಿಗೆ ಕೂತರು. ಬಾಗಿಲಲ್ಲಿ ನಿಂತಿದ್ದ ಸೊಸೆಗೆ, "ಒಂದು ಲೋಟ ಆಲು ಕಾಯ್ಸವ್ವ" ಎಂದರು.

ಹಾಲು ಬಂತು. ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದರು. ಸಾಬರು ತಲೆಯಾಡಿಸಿದರು.

"ಬ್ಯಾಡ ಗೌಡ್ರೆ. ಸಾಧ್ನೆ ಮಾಡಿಲ್ಲವಲ್ಲ ನಾನು."

"ನಾನು ಇಲ್ಲೀಗಂಟ ನಡ್ಕಂಡ್ ಬಂದಿವ್ನಿ" ಎಂದರು ಅಪ್ಪ. "ಅದ್ರಲ್ಲಿ ಅರ್ಧ ನಿಂದು ಕಣೋ ದಸ್ತಗೀರ. ಕುಡಿ."

ಸಾಬರು ಅಪ್ಪನ ಬೆವರಿದ ಮುಖ ನೋಡಿದರು. ಆಮೇಲೆ ಬಾಯಿ ತೆರೆದರು.